ಎರಡು ದಿನದ ಕೂಲಿ ಯಾರು ಕೊಡ್ತಾರೆ?

2021ರಲ್ಲಿ ಕೊರೊನಾ ಲಸಿಕೆ ಬಂದಾಗ ದಾವಣಗೆರೆಯ ನಿಟ್ಟುವಳ್ಳಿಯಂಥ ಕಡೆ ಹಿಂದೇಟು ಹಾಕಿದವರಿದ್ದರು. ಅದಕ್ಕೆ ಅಧಿಕಾರಿಗಳು ಮೂಢನಂಬಿಕೆ ಅಂದರು. ಪತ್ರಿಕೋದ್ಯಮ ಓದಿದ ನಾವೂ ಹಾಗೇ ಅಂದೆವು. ಅಂದದ್ದು ತಪ್ಪು ಅಂತ ಈಗ ಅನ್ನಿಸುತ್ತದೆ.

ಸೂಜಿ ಮಾಡಿಸಿಕೊಂಡರೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು ಅಂತ ಆರೋಗ್ಯ ಇಲಾಖೆಯೇ ಹೇಳುತ್ತಿತ್ತು. ಸಂಬಳದವರು ರಜೆ ಹಾಕಿ ಮಲಗಬಹುದು. ಗಾರೆ ಕೆಲಸದವರಿಗೆ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೆ, ನಾಲ್ಕು ಮನೆ ಪಾತ್ರೆ ತೊಳೆಯುವ ಅಕ್ಕನಿಗೆ ಅದು ಎರಡು ದಿನದ ಕೂಲಿ. ಲಾಕ್‌ಡೌನ್‌ನಲ್ಲಿ ಮೊದಲೇ ಕೈ ಖಾಲಿ. ಆ ಲೆಕ್ಕ ಹಾಕಿದವರು ದಡ್ಡರೇನಲ್ಲ.

ಮನಸ್ಸು ಮಾಡಿದವರಿಗೂ ದಾರಿ ಸಲೀಸಿರಲಿಲ್ಲ. ಮೇ 1ರಿಂದ 18 ದಾಟಿದವರಿಗೆಲ್ಲ ಲಸಿಕೆ ಅಂದರು. ಆದರೆ 45ರ ಒಳಗಿನವರು ಮೊದಲು ಕೋವಿನ್‌ನಲ್ಲಿ ಸ್ಲಾಟ್ ಹಿಡಿಯಬೇಕಿತ್ತು. ಡೋಸ್ ಸಾಲದೆ ರಾಜ್ಯದಲ್ಲಿ ಅವರ ಸರದಿ ಮೇ ಮಧ್ಯಕ್ಕೇ ನಿಂತಿತು. ಬಟನ್ ಫೋನಿನವರ ಪಾಡು ಕೇಳುವುದೇ ಬೇಡ.

ಹಾಗಿದ್ದೂ ಜನ ಹಾಕಿಸಿಕೊಂಡರು. ನಾವು ಕಂಡಂತೆ, ಜಾಹೀರಾತು ನೋಡಿ ಹೋದವರು ಕಡಿಮೆ. ಪಕ್ಕದ ಮನೆಯವರು ಹಾಕಿಸಿಕೊಂಡು ಮೂರನೇ ದಿನ ಕೆಲಸಕ್ಕೆ ಹೊರಟಿದ್ದನ್ನು ನೋಡಿ ಹೋದವರು ಹೆಚ್ಚು. ಸೊಸೆಯಂದಿರು ಅತ್ತೆಯನ್ನು ಕೇಳಿದರು, ಅತ್ತೆ ಆಶಾ ಕಾರ್ಯಕರ್ತೆಯನ್ನು ಕೇಳಿದರು. ಹೆರಿಗೆಗೆ ಜೊತೆಗೆ ಬಂದವಳ ಮಾತು ನಡೆಯುತ್ತದೆ. ಸರ್ಟಿಫಿಕೇಟ್ ಇಲ್ಲದೆ ಕೆಲಸಕ್ಕೆ ಬರಬೇಡಿ ಅಂದಿದ್ದಕ್ಕೆ ಹೋದವರೂ ಇದ್ದಾರೆ, ಅದನ್ನು ಮುಚ್ಚಿಡುವುದೇಕೆ.

2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂತು. ಲಸಿಕೆಯೇ ಕಾರಣ ಅಂತ ವಾಟ್ಸಾಪ್ ತುಂಬಿತು, ಮುಖ್ಯಮಂತ್ರಿಗಳೂ ಅನುಮಾನ ಎತ್ತಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ನೇರ ಸಂಬಂಧ ಕಾಣಲಿಲ್ಲ ಅಂತ ವರದಿ ಕೊಟ್ಟಿತು. 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ನಡೆದ ಐಸಿಎಂಆರ್ ಅಧ್ಯಯನವೂ ಲಸಿಕೆಯಿಂದ ಹಠಾತ್ ಸಾವು ಹೆಚ್ಚಿಲ್ಲ ಅಂದಿತ್ತು. ಅನುಮಾನ ಮನೆಮನೆಗೆ ಬಂತು, ಉತ್ತರ ಪೇಪರಿನಲ್ಲೇ ಉಳಿಯಿತು.

ಮುಂದೆ ದೊಡ್ಡವರಿಗೆ ಯಾವ ಲಸಿಕೆ ಬಂದರೂ ಸಂಜೆ ಹೊತ್ತು, ಭಾನುವಾರ ಕೊಡಿ. ಜ್ವರದ ದಿನಕ್ಕೆ ಕೂಲಿ ಕೊಡಿ. ಉತ್ತರವನ್ನು ಆಶಾ ಕಾರ್ಯಕರ್ತೆಯ ಬಾಯಲ್ಲಿ ಕಳಿಸಿ, ಅವಳ ದುಡಿಮೆಗೆ ತಕ್ಕ ಹಣವನ್ನೂ ಕೊಡಿ. 2025ರ ಜನವರಿಯ ಚಳಿಯಲ್ಲಿ ಅವರು ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂತಿದ್ದರು.