ಮಾತೂ ಮಿದುಳಿಗೆ ತಲುಪುತ್ತದೆ

‘ಅದು ಮಿದುಳಿನ ಕೆಮಿಕಲ್ ಏರುಪೇರು, ಮಾತಾಡಿದ್ರೆ ಏನಾಗುತ್ತೆ?’ ಇಲ್ಲಿ ಪುಣೆಯ ಐಟಿ ಕ್ಯಾಂಟೀನುಗಳಲ್ಲಿ ಖಿನ್ನತೆ, ಆತಂಕದ ವಿಷಯ ಬಂದಾಗಲೆಲ್ಲ ಈ ಮಾತು ಕೇಳಿಸುತ್ತದೆ. ಊರಿನಿಂದ ಫೋನಿನಲ್ಲಿ ಬರುವ ಉಪದೇಶ ಇದರ ತದ್ವಿರುದ್ಧ: ‘ಎಲ್ಲಾ ಮನಸ್ಸಿನದು, ಗಟ್ಟಿ ಮಾಡ್ಕೋ.’ ಮಿದುಳು ಬೇರೆ, ಮನಸ್ಸು ಬೇರೆ ಎಂಬ ನಂಬಿಕೆ ಮಾತ್ರ ಇಬ್ಬರದೂ ಒಂದೇ.

1992ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಮನೋವೈದ್ಯ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಒಸಿಡಿ, ಅಂದರೆ ಗೀಳು ಕಾಯಿಲೆ ಇದ್ದವರ ಮಿದುಳಿನ ಪೆಟ್ ಸ್ಕ್ಯಾನ್ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಫ್ಲೂಆಕ್ಸೆಟಿನ್ ಮಾತ್ರೆ, ಉಳಿದವರಿಗೆ ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆ. ಸಿಬಿಟಿಯ ಹತ್ತಿರದ ಬಂಧು ಇದು: ಕೊಳೆ ಎನಿಸಿದ್ದನ್ನು ಮುಟ್ಟಬೇಕು, ಕೈ ತೊಳೆಯದೆ ತಡೆದುಕೊಳ್ಳಬೇಕು, ಆತಂಕ ತಾನಾಗಿ ಇಳಿಯುವ ತನಕ ಕಾಯಬೇಕು. ಸುಮಾರು 10 ವಾರಗಳ ಬಳಿಕ ಮತ್ತೆ ಸ್ಕ್ಯಾನ್. ಎರಡೂ ಗುಂಪುಗಳಲ್ಲಿ ಗುಣ ಕಂಡವರಲ್ಲಿ, ಮಿದುಳಿನ ಆಳದ ಬಲಗಡೆಯ ಕಾಡೇಟ್ ಎಂಬ ಭಾಗದ ಚಟುವಟಿಕೆ ಇಳಿದಿತ್ತು.

ಖಿನ್ನತೆಯಲ್ಲಿ ಚಿತ್ರ ಇಷ್ಟು ಸರಳವಲ್ಲ. 2004ರ ಟೊರಾಂಟೊ ಅಧ್ಯಯನದಲ್ಲಿ ಸಿಬಿಟಿಯಿಂದ ಚೇತರಿಸಿಕೊಂಡವರ ಮಿದುಳಿನ ಮುಂಭಾಗದ ಚಟುವಟಿಕೆ ಇಳಿದು, ಹಿಪ್ಪೊಕ್ಯಾಂಪಸ್‌ನಲ್ಲಿ ಏರಿತ್ತು. ಪ್ಯಾರಾಕ್ಸೆಟಿನ್ ಮಾತ್ರೆಯವರಲ್ಲಿ ಹೆಚ್ಚುಕಡಿಮೆ ಇದರ ಉಲ್ಟಾ! ಎಲ್ಲವೂ ಸಣ್ಣ ಅಧ್ಯಯನಗಳೇ. ಸ್ಕ್ಯಾನ್ ನೋಡಿ ಚಿಕಿತ್ಸೆ ಬರೆದುಕೊಡುವ ಕಾಲ ಇನ್ನೂ ಬಂದಿಲ್ಲ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಅದು ವೈದ್ಯರಿಗೆ ಬಿಟ್ಟದ್ದು.

ಮಾತು ಮಿದುಳಿಗೆ ತಲುಪುವುದಾದರೆ, ಯಾವ ಭಾಷೆಯ ಮಾತು? ಹೊರನಾಡಿನಲ್ಲಿರುವ ನಾವು ಕೇಳಬೇಕಾದ್ದು ಇದನ್ನು. ಸಿಬಿಟಿ ಹಿಡಿಯುವುದೇ ತಲೆಯಲ್ಲಿ ತಟ್ಟನೆ ಏಳುವ ವಾಕ್ಯವನ್ನು. ಆರನ್ ಬೆಕ್ ಅದನ್ನು ‘ಆಟೊಮ್ಯಾಟಿಕ್ ಥಾಟ್’ ಎಂದರು. ಹತ್ತು ವರ್ಷ ಹಿಂದಿಯಲ್ಲಿ ವ್ಯವಹರಿಸಿದರೂ ನನ್ನಂಥವರಿಗೆ ಅದು ಏಳುವುದು ಕನ್ನಡದಲ್ಲೇ: ‘ನನ್ನ ಕೈಲಾಗಲ್ಲ’, ‘ಮರ್ಯಾದೆ ಹೋಯ್ತು’. ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೌನ್ಸೆಲರ್ ಮುಂದಿಡುವಷ್ಟರಲ್ಲಿ ಅರ್ಧ ಕುಟುಕು ಇಳಿದುಹೋಗಿರುತ್ತದೆ. ‘ಮರ್ಯಾದೆ’ಗೆ ಇಂಗ್ಲಿಷಿನಲ್ಲಿ ಏನನ್ನುತ್ತೀರಿ?

ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯಲ್ಲಿ (14416) ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ವಾರವಾರ ಕೂತು ಮಾಡುವ ಸಿಬಿಟಿಗೆ ಅದು ಬದಲಿಯಲ್ಲ. ಅದಕ್ಕೆ ಕನ್ನಡ ಬಲ್ಲ ಥೆರಪಿಸ್ಟ್ ಬೇಕು, ವಿಡಿಯೊದಲ್ಲಾದರೂ ಸರಿ. ನಿಮ್ಮ ಕಂಪನಿ ಕೌನ್ಸೆಲಿಂಗ್ ಸೌಲಭ್ಯ ಕೊಡುತ್ತಿದ್ದರೆ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ಎಂದು ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ ನೋಡಿ.