ಸರಕಾರೀ ಕಟ್ಟಡಗಳ ಸುಧಾರಣೆ: ಯಾವುದು ಮೊದಲು?

ಒಂದೇ ಮನೆಯುಳ್ಳ ಗೃಹಸ್ಥನಿಗೆ ತನ್ನ ಮಾಡು ಎಲ್ಲಿ ಸೋರುತ್ತದೆಂಬುದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಸಾವಿರಾರು ಮನೆಗಳ ಒಡೆಯನಿಗೆ ಲೆಕ್ಕವಿಡದ ಹೊರತು ಅದು ತಿಳಿಯಲಾರದು. ನಮ್ಮ ರಾಜ್ಯದ ಸರಕಾರವು ಅಂತಹ ಒಡೆಯ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದಿಂದ ಮೊದಲುಗೊಂಡು ಹಳ್ಳಿಯ ಎರಡು ಕೋಣೆಗಳ ಪಾಠಶಾಲೆಯವರೆಗೆ ಅದರ ಆಸ್ತಿ ಹಬ್ಬಿದೆ. ಶಾಲೆಗಳೇ ನಲವತ್ತು ಸಾವಿರಕ್ಕೆ ಮಿಕ್ಕಿವೆ. ಇವೆಲ್ಲವೂ ಪ್ರಜೆಗಳ ಹಣದಿಂದ ಕಟ್ಟಿದವು, ಪ್ರಜೆಗಳ ಹಣದಿಂದಲೇ ಬೆಳಗುವವು. ಇವುಗಳನ್ನು ಮಿತವ್ಯಯದ, ಸುಸ್ಥಿರವಾದ ಕಟ್ಟಡಗಳನ್ನಾಗಿ ಮಾಡಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಯಾವುದನ್ನು ಮೊದಲು ಮಾಡಬೇಕೆಂಬುದೇ ಪ್ರಶ್ನೆ.

ದೇಶದಲ್ಲಿ ಖರ್ಚಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಕಟ್ಟಡಗಳಿಗೆ ಸಲ್ಲುತ್ತದೆ. 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಯಾಯಿತು. 2007ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂಹಿತೆ ಬಂದಿತು. 2022ರ ತಿದ್ದುಪಡಿಯಿಂದ ದೊಡ್ಡ ವಾಸದ ಕಟ್ಟಡಗಳನ್ನೂ ಅದರ ವ್ಯಾಪ್ತಿಗೆ ತರಲು ಅವಕಾಶವಾಯಿತು. ಆದರೆ ಸಂಹಿತೆಯ ದೃಷ್ಟಿ ಮುಖ್ಯವಾಗಿ ಇನ್ನು ಮುಂದೆ ಕಟ್ಟುವವುಗಳ ಮೇಲಿದೆ. ಈಗಾಗಲೇ ನಿಂತಿರುವ ಕಟ್ಟಡಗಳನ್ನು ತಿದ್ದುವ ಹೊಣೆಯು ಅವುಗಳ ಒಡೆಯನದೇ ಸರಿ.

ಇಂತಹ ಕೆಲಸಗಳಿಗೆ ಹಣ ದೊರೆತಾಗ ಎರಡು ಪ್ರಮಾದಗಳು ಸಹಜವಾಗಿ ಸಂಭವಿಸುತ್ತವೆ. ಹಣವನ್ನು ಎಲ್ಲ ಕಚೇರಿಗಳಿಗೂ ಸಮನಾಗಿ ಹಂಚಿ ಎಲ್ಲಿಯೂ ಕೆಲಸ ಪೂರೈಸದಂತೆ ಮಾಡುವುದು ಒಂದು. ಕಣ್ಣಿಗೆ ಕಾಣುವುದನ್ನು, ಉದ್ಘಾಟನೆಗೆ ಒದಗುವುದನ್ನು ಮೊದಲು ಮಾಡುವುದು ಇನ್ನೊಂದು. ಕೆಳಗೆ ತೊಟ್ಟಿ ಸೋರುತ್ತಿರಲು, ಹಳೆಯ ಪಂಪು ಹಗಲಿರುಳು ತಿರುಗುತ್ತಿರಲು, ಮೇಲೆ ಸೌರಫಲಕಗಳನ್ನು ಹಾಸುವುದು ತೂತು ಕೊಡಕ್ಕೆ ನೀರು ಹೊತ್ತಂತೆಯೇ. ಸೌರಫಲಕಗಳು ಬೇಡವೆಂದು ನಾವು ಹೇಳುವುದಿಲ್ಲ. ಅಪವ್ಯಯವನ್ನು ನಿಲ್ಲಿಸಿದ ತರುವಾಯ ಹಾಸಿದರೆ ಅಷ್ಟೇ ಕೆಲಸಕ್ಕೆ ಕಡಿಮೆ ಫಲಕಗಳು ಸಾಕಾಗುವುವೆಂದು ಮಾತ್ರ ನೆನಪಿಸುತ್ತೇವೆ.

ಹಾಗಾದರೆ ಮೊದಲನೆಯ ಕೆಲಸವು ಅಳೆಯುವುದು. ಒಂದು ಚದರ ಮೀಟರ್ ನೆಲಕ್ಕೆ ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆಂಬ ಸೂಚ್ಯಂಕವನ್ನು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಬಳಕೆಗೆ ತಂದಿದೆ. 2009ರಿಂದ ಕಟ್ಟಡಗಳಿಗೆ ಅದು ಕೊಡುತ್ತಿರುವ ನಕ್ಷತ್ರಗಳಿಗೆ ಇದೇ ಆಧಾರ. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಹನ್ನೆರಡು ತಿಂಗಳ ಬಿಲ್ಲುಗಳು ಮತ್ತು ಅಳತೆಯ ಪಟ್ಟಿ ಸಾಕು. ಆದರೆ ಹೋಲಿಕೆಯು ನ್ಯಾಯವಾಗಿರಬೇಕು. ಕಲಬುರಗಿಯ ಬಿಸಿಲು, ಮಂಗಳೂರಿನ ಧಗೆ, ಬೆಂಗಳೂರಿನ ತಂಪು ಒಂದೇ ಅಲ್ಲ. ಇರುಳೆಲ್ಲ ತೆರೆದಿರುವ ಆಸ್ಪತ್ರೆಯನ್ನೂ ಸಂಜೆಗೆ ಬೀಗ ಬೀಳುವ ಕಚೇರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಎರಡನೆಯದು ಕ್ರಮವನ್ನು ಗೊತ್ತುಮಾಡುವುದು. ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಹಳೆಯ ಬೀಸಣಿಗೆಯು ಸುಮಾರು 75 ವಾಟ್ ಬಯಸುವಲ್ಲಿ ಹೊಸ ಬಗೆಯದು ಸುಮಾರು 30 ವಾಟಿನಲ್ಲಿ ಅಷ್ಟೇ ಗಾಳಿಯನ್ನು ಕೊಡುತ್ತದೆ. ದಿನಕ್ಕೆ 6 ಗಂಟೆಯಂತೆ ವರ್ಷಕ್ಕೆ 220 ದಿನ ನಡೆಯುವ ಶಾಲೆಯಲ್ಲಿ ಇದರಿಂದಾಗುವ ಉಳಿತಾಯ 59 ಯೂನಿಟ್. ದಿನಕ್ಕೆ 20 ಗಂಟೆಯಂತೆ ವರ್ಷವಿಡೀ ತಿರುಗುವ ಆಸ್ಪತ್ರೆಯ ವಾರ್ಡಿನಲ್ಲಿ 328 ಯೂನಿಟ್. ಬೀಸಣಿಗೆ ಒಂದೇ, ಬೆಲೆ ಒಂದೇ. ಫಲ ಮಾತ್ರ ಐದು ಪಟ್ಟಿಗೂ ಮೇಲು. ಆದುದರಿಂದ ಬೀಸಣಿಗೆಯು ಮೊದಲು ಆಸ್ಪತ್ರೆಗೆ ಹೋಗಬೇಕು. ಹೀಗೆಯೇ ಖರ್ಚಿಲ್ಲದ ಶಿಸ್ತು ಮೊದಲು, ಅಲ್ಪ ಖರ್ಚಿನ ದುರಸ್ತಿ ಅನಂತರ, ದೊಡ್ಡ ಬಂಡವಾಳದ ಕೆಲಸ ಕೊನೆಗೆ. ಮಾಡನ್ನು ಹೇಗೂ ಬಿಚ್ಚಿ ಹೊದಿಸಬೇಕಾದ ವರ್ಷವೇ ಮಳೆನೀರಿನ ಕೊಳವೆಯನ್ನೂ ಜೋಡಿಸಿದರೆ ಎರಡು ಸಲದ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಬೆಂಗಳೂರಿನಲ್ಲಿ ಮಳೆನೀರಿನ ಸಂಗ್ರಹವನ್ನು 2009ರ ಕಾನೂನು ಕಡ್ಡಾಯಗೊಳಿಸಿತು. 2024ರ ಬೇಸಗೆಯಲ್ಲಿ ಆ ನಗರವು ನೀರಿಗಾಗಿ ಪಟ್ಟ ಬವಣೆಯನ್ನು ಯಾರೂ ಮರೆತಿಲ್ಲ. ವರ್ಷಕ್ಕೆ 900 ಮಿಲಿಮೀಟರ್ ಮಳೆ ಬೀಳುವಲ್ಲಿ 100 ಚದರ ಮೀಟರ್ ಮಾಡಿನ ಮೇಲೆ ಸುರಿಯುವ ನೀರು 90,000 ಲೀಟರ್ ಎಂಬುದನ್ನು ಸರಕಾರದವರು ಪ್ರಜೆಗಳಿಗೆ ಬೋಧಿಸುವ ಮೊದಲು ತಮ್ಮ ಮಾಡುಗಳ ಮೇಲೆ ತೋರಿಸಿಕೊಡಲಿ.

ಇಷ್ಟಕ್ಕೇ ನಿಂತರೆ ಒಂದು ದೊಡ್ಡ ಅನ್ಯಾಯವಾಗುತ್ತದೆ. ಉಳಿತಾಯವೊಂದನ್ನೇ ಅಳತೆಗೋಲಾಗಿ ಹಿಡಿದರೆ, ಹೆಚ್ಚು ಪೋಲು ಮಾಡಿದವನಿಗೆ ಹೆಚ್ಚು ಮರ್ಯಾದೆ. ತಂಪುಯಂತ್ರಗಳ ಕಚೇರಿಯು ಪಟ್ಟಿಯ ತಲೆಯಲ್ಲಿ ಕುಳಿತು, ತಗಡಿನ ಮಾಡಿನ ಕೆಳಗೆ ಮಕ್ಕಳು ಬೇಯುವ ಶಾಲೆಯು ಬಾಲಕ್ಕೆ ಬೀಳುತ್ತದೆ. ಏನನ್ನೂ ಖರ್ಚು ಮಾಡದವನು ಉಳಿಸುವುದಾದರೂ ಏನನ್ನು? ಆ ಶಾಲೆಗೆ ಬೇಕಾದುದು ಮಿತವ್ಯಯವಲ್ಲ. ನೆರಳು, ಗಾಳಿ, ಕುಡಿಯುವ ನೀರು. ಮಾಡಿಗೆ ಬಿಳಿಯ ಲೇಪ ಹಚ್ಚಿದರೆ ಒಳಗಿನ ಕಾವು ತಗ್ಗುತ್ತದೆ; ನೆರೆಯ ತೆಲಂಗಾಣವು 2023ರಲ್ಲಿ ತಂಪು ಮಾಡಿನ ನೀತಿಯನ್ನೇ ಹೊರಡಿಸಿತು. ಇಂತಹ ಕೆಲಸದ ಲಾಭವು ಯಾವ ಬಿಲ್ಲಿನಲ್ಲಿಯೂ ಕಾಣಿಸದು. ಮಧ್ಯಾಹ್ನದ ಪಾಠವನ್ನು ಕೇಳುವ ಮಗುವಿನ ಮುಖದಲ್ಲಿ ಕಾಣಿಸುತ್ತದೆ.

ಆದಕಾರಣ ಪಟ್ಟಿಗಳು ಎರಡಿರಬೇಕೆಂದು ನಮ್ಮ ಅಭಿಪ್ರಾಯ: ಒಂದು ಉಳಿತಾಯದ್ದು, ಇನ್ನೊಂದು ಅಗತ್ಯದ್ದು. ಮೊದಲನೆಯದರಿಂದ ಉಳಿದ ಹಣವು ಬೊಕ್ಕಸದಲ್ಲಿ ಕರಗಿಹೋಗದೆ ಬೇರೆ ನಿಧಿಯಾಗಿ ನಿಂತು ಎರಡನೆಯದಕ್ಕೆ ಒದಗಬೇಕು. ಆಗ ಸಚಿವಾಲಯದಲ್ಲಿ ಆರಿಸಿದ ದೀಪವು ಹಳ್ಳಿಯ ಶಾಲೆಗೆ ನೆರಳಾಗುತ್ತದೆ.

ಕೊನೆಯದಾಗಿ, ಈ ಪಟ್ಟಿಗಳು ಕಡತಗಳಲ್ಲಿ ಅಡಗಿರಕೂಡದು. ಪ್ರತಿಯೊಂದು ಸರಕಾರೀ ಕಟ್ಟಡದ ಬಾಗಿಲಲ್ಲಿ ಅದರ ವರ್ಷದ ವಿದ್ಯುತ್ತು, ನೀರು, ಸರದಿಯ ಸಂಖ್ಯೆಗಳನ್ನು ಕನ್ನಡದಲ್ಲಿ ಬರೆದು ತೂಗುಹಾಕಲಿ. ಸರದಿಯು ಬಹಿರಂಗವಾದಲ್ಲಿ ಶಿಫಾರಸಿಗೆ ಎಡೆ ಕಡಿಮೆ. ಬಿಲ್ಲು ತೆರುವವರು ಪ್ರಜೆಗಳು. ಅದನ್ನು ಓದುವ ಹಕ್ಕೂ ಅವರದೇ. ಅಧಿಕಾರಿವರ್ಗದವರು ಮುಂದಿನ ಆಯವ್ಯಯಕ್ಕೆ ಮುಂಚೆ ಕನಿಷ್ಠಪಕ್ಷ ಒಂದು ಜಿಲ್ಲೆಯಲ್ಲಾದರೂ ಇದನ್ನು ಆರಂಭಿಸುವರೆಂದು ನಾವು ನಿರೀಕ್ಷಿಸುತ್ತೇವೆ.