ಚೆಂದದ ಚಿತ್ರದಲ್ಲಿ ಸಿಂಕಿನ ಪೈಪ್ ಎಲ್ಲಿದೆ?

2025ರ ಸೆಪ್ಟೆಂಬರ್ ನೆನಪಿದೆಯಾ? ವಾಟ್ಸ್‌ಆ್ಯಪ್ ತೆರೆದರೆ ಸಾಕು, ಗೆಳತಿಯರೆಲ್ಲ ಹಳೇ ಹಿಂದಿ ಸಿನಿಮಾ ನಾಯಕಿಯರ ಥರ ಶಿಫಾನ್ ಸೀರೆ ಉಟ್ಟು, ಸೆರಗು ಹಾರಿಸುತ್ತಾ ನಿಂತಿದ್ದರು! ಗೂಗಲ್‌ನ ಜೆಮಿನೈಗೆ ಒಂದು ಫೋಟೊ ಕೊಟ್ಟರೆ ಕ್ಷಣದಲ್ಲಿ ಸೀರೆ ಸಿದ್ಧ. ಅದೇ ಕೈಚಳಕ ಈಗ ನಮ್ಮ ಅಡುಗೆಮನೆಗೂ ಬಾಲ್ಕನಿಗೂ ಬಂದಿದೆ. ಜಿಡ್ಡು ಹಿಡಿದ ಅಡುಗೆಮನೆಯ ಫೋಟೊ ಹಾಕಿ ‘ಇದನ್ನು ಚೆಂದ ಮಾಡಿ ತೋರಿಸು’ ಅಂದರೆ ಸಾಕು, ಬಿಳಿ ಕಪಾಟು, ಹೊಳೆಯೋ ಕಲ್ಲು, ಕಿಟಕಿಯಲ್ಲಿ ಹೂಕುಂಡ... ನೋಡಿದ ಕೂಡಲೇ ‘ನಮ್ಮನೇನೂ ಹೀಗೇ ಆಗಬೇಕು’ ಅನ್ನಿಸದೇ ಇರುತ್ತಾ?

ಇದರಲ್ಲಿ ಲಾಭ ಖಂಡಿತ ಇದೆ. ಮೊದಲೆಲ್ಲ ‘ಮಾಡಿದ ಮೇಲೆ ನೋಡಿ ಮೇಡಂ, ಚೆನ್ನಾಗಿರುತ್ತೆ’ ಅನ್ನುವ ಬಡಗಿಯ ಮಾತನ್ನೇ ನಂಬಬೇಕಿತ್ತು. ಇಲ್ಲವೇ ದುಡ್ಡು ಕೊಟ್ಟು ಡಿಸೈನರ್ ಹತ್ತಿರ ತ್ರೀಡಿ ಚಿತ್ರ ಬರೆಸಬೇಕಿತ್ತು. ಈಗ ಪ್ಲೈವುಡ್ ಕೊಯ್ಯುವ ಮೊದಲೇ ಬಣ್ಣ, ಕಪಾಟು ಎಲ್ಲ ಬದಲಾಯಿಸಿ ನೋಡಬಹುದು. ‘ಅವಳಿಗೇನು ಗೊತ್ತಾಗುತ್ತೆ’ ಅಂತ ಬಾಯಿಮಾತನ್ನು ತಳ್ಳಿಹಾಕುವ ಮನೆಗಳಲ್ಲೂ, ಚಿತ್ರ ಹಿಡಿದು ತೋರಿಸಿದರೆ ಯಜಮಾನರು ಒಂದು ನಿಮಿಷ ನಿಂತು ನೋಡುತ್ತಾರೆ. ಇಡೀ ದಿನ ಅಲ್ಲಿ ನಿಲ್ಲುವವಳ ಅಭಿಪ್ರಾಯಕ್ಕೆ ಅಷ್ಟಾದರೂ ಬೆಲೆ ಬರಲಿ ಬಿಡಿ!

ಆದರೆ ಒಂದು ವಿಷಯ ತಿಳಿದಿರಲಿ. ಅದು ಕೊಡೋದು ಚಿತ್ರ, ನಕ್ಷೆ ಅಲ್ಲ. ಲೆಕ್ಕವಿಲ್ಲದಷ್ಟು ಫೋಟೊಗಳನ್ನು ನೋಡಿ ಕಲಿತ ಯಂತ್ರ, ಅವುಗಳಲ್ಲಿ ಹೆಚ್ಚಾಗಿ ಕಂಡದ್ದನ್ನೇ ನಿಮ್ಮ ಗೋಡೆಯ ಮೇಲೂ ಬಿಡಿಸುತ್ತದೆ. ಗೋಡೆಯೊಳಗೆ ಪೈಪ್ ಎಲ್ಲಿ ಹೋಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಎಷ್ಟೋ ಸಲ ಕಿಟಕಿಯನ್ನೇ ಪಕ್ಕಕ್ಕೆ ಸರಿಸಿರುತ್ತದೆ, ತೊಲೆಯನ್ನು ಮಾಯ ಮಾಡಿರುತ್ತದೆ. ಸಿಂಕ್ ಆ ಗೋಡೆಗೆ ಹೋದರೆ ಕೊಳೆನೀರಿನ ಪೈಪಿಗೆ ಇಳಿಜಾರು ಸಿಗುತ್ತಾ? ಚಿಮಣಿಯ ಹೊಗೆಪೈಪ್ ಹೊರಗೋಡೆ ಮುಟ್ಟುತ್ತಾ? ವೆಟ್ ಗ್ರೈಂಡರ್ ಎಲ್ಲಿ ಕೂರುತ್ತೆ? ಗ್ಯಾಸ್ ಸಿಲಿಂಡರನ್ನು ಕಪಾಟಿನೊಳಗೆ ಅಡಗಿಸಿದರೆ ನೋಡೋಕೆ ಚೆಂದ. ಆದರೆ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ಹಾಗಾಗಿ ಕಪಾಟಿನ ಬುಡದಲ್ಲಿ ಗಾಳಿಕಿಂಡಿ ಬೇಕೇ ಬೇಕು. ಚಿತ್ರದಲ್ಲಿ ಅದು ಇರೋದಿಲ್ಲ.

ಅಡುಗೆಕಟ್ಟೆಯ ಎತ್ತರವೂ ಅಷ್ಟೇ. ಮೊಣಕೈ ಮಡಚಿ ನಿಂತು ನೆಲದಿಂದ ಅಲ್ಲಿಗೆ ಅಳೆಯಿರಿ, ಅದರಿಂದ ನಾಲ್ಕು ಇಂಚು ಕಳೆಯಿರಿ. ಅದು ನಿಮ್ಮ ಕಟ್ಟೆ. ಯಂತ್ರಕ್ಕೆ ನಿಮ್ಮ ಬೆನ್ನುನೋವು ಗೊತ್ತಿಲ್ಲವಲ್ಲ! ಇನ್ನು ಬಾಗಿಲಿಲ್ಲದ ಬಿಳಿ ಶೆಲ್ಫುಗಳು ಒಗ್ಗರಣೆ ಹಾಕದವರ ಮನೆಗೆ ಸರಿ. ಬಿಳಿ ಅಮೃತಶಿಲೆಗೆ ನಿಂಬೆ, ಹುಣಸೆಹುಳಿ ಬಿದ್ದರೆ ಹೊಳಪು ಹೋಗುತ್ತದೆ. ನಮ್ಮ ಗ್ರಾನೈಟ್ ಇದನ್ನೆಲ್ಲ ತಡೆಯುತ್ತೆ.

ಕೈದೋಟದ ವಿಷಯಕ್ಕೆ ಬಂದರೆ ಎಡವಟ್ಟು ಇನ್ನೂ ಜಾಸ್ತಿ. ‘ಸುಂದರ ತಾರಸಿ ತೋಟ’ ಅಂದರೆ ಹಸಿರು ಹುಲ್ಲುಹಾಸು, ಲ್ಯಾವೆಂಡರ್, ಟ್ಯುಲಿಪ್ ಅಂತ ಬಿಡಿಸಿಬಿಡಬಹುದು. ಟ್ಯುಲಿಪ್ ಗೆಡ್ಡೆಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಹುಲ್ಲುಹಾಸಿಗೆ ದಿನಾ ನೀರು ಎಲ್ಲಿಂದ ತರೋಣ? ಬರ ಬಂದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರನ್ನು ಕೈದೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಮಾತು. ಅಕ್ಕಿ, ತರಕಾರಿ ತೊಳೆದ ನೀರಲ್ಲೇ ಬದುಕಿಕೊಳ್ಳುವ ದೊಡ್ಡಪತ್ರೆ, ಕರಿಬೇವು, ದಾಸವಾಳಗಳೇ ನಮಗೆ ವಾಸಿ. ಚಿತ್ರದಲ್ಲಿರೋ ಪುಟ್ಟ ಕೊಳವೂ ಆಕರ್ಷಕವೇ. ಆದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ನಿಂತ ತಿಳಿನೀರಲ್ಲೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ನಿಗದಿ ಮಾಡಿತು.

ಭಾರದ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಓಡಾಡುವ ತಾರಸಿಗೆ ಭಾರತೀಯ ಮಾನಕ ಇಟ್ಟುಕೊಳ್ಳುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕೆ.ಜಿ., ಅಂದರೆ ಚದರಡಿಗೆ 14 ಕೆ.ಜಿ. ನೀರು ಕುಡಿದ ಮಣ್ಣು ಒಂದು ಘನ ಅಡಿಗೇ 45ರಿಂದ 50 ಕೆ.ಜಿ. ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲಕ್ಕೆ ಒಂದಡಿ ಮಣ್ಣು ಹರಡಿದರೆ ಹೆಚ್ಚುಕಡಿಮೆ ಐದು ಟನ್! ಚಿತ್ರದಲ್ಲಿ ಮಣ್ಣಿಗೆ ತೂಕ ಇಲ್ಲ, ನಿಮ್ಮ ಛಾವಣಿಯ ಮೇಲೆ ಇದೆ. ಕುಂಡಗಳನ್ನು ಗೋಡೆ, ತೊಲೆ ಇರುವ ಅಂಚಿನಲ್ಲೇ ಸಾಲಾಗಿಡಿ, ಮಣ್ಣಿಗೆ ತೆಂಗಿನನಾರಿನ ಪುಡಿ ಧಾರಾಳವಾಗಿ ಬೆರೆಸಿ. ಮಡಿ ಕಟ್ಟಲೇಬೇಕು ಅಂದರೆ ಮೊದಲು ಎಂಜಿನಿಯರ್ ಬಂದು ನೋಡಲಿ.

ಬಿಸಿಲಿನ ಬಗ್ಗೆಯೂ ಪರದೇಶದ ಪಾಠ ನಮಗೆ ಒಗ್ಗೋದಿಲ್ಲ. ‘ಉತ್ತರದ ಬಾಲ್ಕನಿಗೆ ನೇರ ಬಿಸಿಲು ಬೀಳಲ್ಲ’ ಅನ್ನೋದು ಯುರೋಪಿನ ಮಾತು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕೇ ಇರುತ್ತಾನೆ. ಗಿಡ ಕೊಳ್ಳುವ ಮುಂಚೆ ಒಂದು ರಜಾ ದಿನ ಗಂಟೆಗೊಮ್ಮೆ ಬಾಲ್ಕನಿಗೆ ಇಣುಕಿ ಬಿಸಿಲು ಬರೆದಿಟ್ಟುಕೊಳ್ಳಿ. ಐದಾರು ಗಂಟೆ ಬಿದ್ದರೆ ಮಲ್ಲಿಗೆ ಹಾಕಿ. ಇಲ್ಲದಿದ್ದರೆ ಮನಿ ಪ್ಲಾಂಟ್‌ನಲ್ಲೇ ತೃಪ್ತಿಪಡಿ.

ಇದೇ ನಕಲಿ ಚಿತ್ರ ತೋರಿಸಿ ಬೀಜ ಮಾರುವವರೂ ಇದ್ದಾರೆ, ಹುಷಾರು. ನೀಲಿ ಗುಲಾಬಿ, ಕಾಮನಬಿಲ್ಲಿನ ಗುಲಾಬಿಯ ಬೀಜ ಅಂತೆ! ಜಪಾನಿನ ಸಂಟೋರಿ ಕಂಪನಿ ವಂಶವಾಹಿಯನ್ನೇ ತಿದ್ದಿ ಬೆಳೆಸಿ, 2009ರಲ್ಲಿ ಮಾರುಕಟ್ಟೆಗೆ ಬಿಟ್ಟ ‘ನೀಲಿ’ ಗುಲಾಬಿಯೂ ನಿಜದಲ್ಲಿ ತಿಳಿ ನೇರಳೆ ಬಣ್ಣದ್ದು. ಮೇಲಾಗಿ ಒಳ್ಳೇ ತಳಿಯ ಗುಲಾಬಿಯನ್ನು ನರ್ಸರಿಯವರು ಬೆಳೆಸೋದು ಕಸಿ ಕಟ್ಟಿ ಅಥವಾ ಕಡ್ಡಿ ನೆಟ್ಟು.

ಹಾಗಾದರೆ ಕೇಳೋದು ಹೇಗೆ? ಕನ್ನಡದಲ್ಲೇ ಕೇಳಿ, ಅರ್ಥವಾಗುತ್ತದೆ. ‘ಚೆಂದ ಮಾಡು’ ಅಂತಷ್ಟೇ ಬೇಡ. ಹೀಗೆ ಬರೆಯಿರಿ: ‘ಅಡುಗೆಮನೆ ಎಂಟಡಿ, ಹತ್ತಡಿ. ಕಿಟಕಿ ಪೂರ್ವಕ್ಕೆ. ಸಿಂಕ್, ಕಿಟಕಿ, ಗ್ಯಾಸ್ ಪಾಯಿಂಟ್ ಕದಲಿಸಬೇಡ. ವೆಟ್ ಗ್ರೈಂಡರ್, ಮಿಕ್ಸಿ, ನೀರಿನ ಫಿಲ್ಟರ್ ಇಡಬೇಕು. ಒಂದೂವರೆ ಲಕ್ಷದೊಳಗೆ ಮುಗಿಯಬೇಕು.’ ಚಿತ್ರ ಬಂದ ಮೇಲೆ ‘ಇದರಲ್ಲಿ ಏನೇನು ಕೈಕೊಡಬಹುದು, ನಾನು ಏನೇನು ಅಳೆಯಬೇಕು?’ ಅಂತ ತಿರುಗಿ ಕೇಳಿ. ಹಾಗಂತ ಅದು ಹೇಳೋ ರೇಟುಗಳನ್ನು ನಂಬಿ ಕೂರಬೇಡಿ, ಇಬ್ಬರು ಮೂವರು ಬಡಗಿಗಳನ್ನು ವಿಚಾರಿಸಿ.

ನನ್ನ ಕೇಳಿದರೆ, ಚಿತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರೋದು ಕೊಟೇಶನ್ ಓದಿಸುವಾಗ. ಗುತ್ತಿಗೆದಾರರು ಕೊಟ್ಟ ಹಾಳೆಯ ಫೋಟೊ ಹಾಕಿ, ಸಾಲು ಸಾಲಾಗಿ ಬಿಡಿಸಿ ಹೇಳು ಅನ್ನಿ. ಐಎಸ್ 710 ಅಂತಿದ್ದರೆ ನೀರು ತಡೆಯುವ ಪ್ಲೈವುಡ್, ಸಿಂಕಿನ ಕೆಳಗೆ ಅದೇ ಬೇಕು. ಐಎಸ್ 303 ಸಾಧಾರಣ ದರ್ಜೆಯದ್ದು. ಎಂಡಿಎಫ್ ಆದರೆ ನೀರು ಕುಡಿದು ಉಬ್ಬುತ್ತದೆ. ಚಿತ್ರದಲ್ಲಿ ಮೂರೂ ಒಂದೇ ಥರ ಹೊಳೆಯುತ್ತವೆ! ಅಡಿ ಲೆಕ್ಕ ಯಾವುದು, ಜಿಎಸ್‌ಟಿ ಸೇರಿದೆಯಾ, ಇದನ್ನೆಲ್ಲ ಮುಂಗಡ ಕೊಡೋ ಮೊದಲೇ ಕೇಳಿ. ಅಂಗಡಿಯವರು ‘ನಾವು ಮಾಡಿದ ಕೆಲಸ’ ಅಂತ ಆಲ್ಬಂ ತೋರಿಸಿದರೆ, ಕೆಲಸ ಮುಗಿದು ಎರಡು ವರ್ಷ ಆದ ಒಂದು ಮನೆಗೆ ಕರೆದುಕೊಂಡು ಹೋಗಿ ಅನ್ನಿ. ಅವರ ಆಲ್ಬಂ ಕೂಡ ಯಂತ್ರವೇ ಬಿಡಿಸಿದ್ದಿರಬಹುದು.

ಇದೆಲ್ಲ ಪುಕ್ಕಟೆ ಯಾಕೆ ಅಂತ ಯೋಚಿಸಿದ್ದೀರಾ? 2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಉಚಿತ ಅಂದಿತು. ಅಕ್ಟೋಬರ್ ಕೊನೆಗೆ ಜಿಯೋ, ಜೆಮಿನೈ ಪ್ರೊ 18 ತಿಂಗಳು ಉಚಿತ ಅಂತ ಘೋಷಿಸಿತು. ನವೆಂಬರ್ 4ರಿಂದ ಚಾಟ್‌ಜಿಪಿಟಿ ಗೋ ಕೂಡ ಒಂದು ವರ್ಷಕ್ಕೆ ಉಚಿತವಾಯಿತು. ರುಚಿ ಹತ್ತಿಸಿ ಆಮೇಲೆ ಬಿಲ್ ಕೊಡೋ ವ್ಯಾಪಾರ ನಮಗೆ ಹೊಸದೇನಲ್ಲ. ಸೇರುವಾಗ ಯುಪಿಐ ಆಟೋಪೇಗೆ ಒಪ್ಪಿಗೆ ಕೊಟ್ಟಿದ್ದರೆ, ಅವಧಿ ಮುಗಿಯೋ ತಾರೀಕನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನಮ್ಮ ಪ್ರಶ್ನೆ, ನಮ್ಮ ಫೋಟೊಗಳೂ ಅವರಿಗೆ ಬೆಲೆಬಾಳುವ ಸಾಮಗ್ರಿಯೇ. ನಿಮ್ಮ ಮಾಹಿತಿಯಿಂದ ಯಂತ್ರಕ್ಕೆ ಪಾಠ ಹೇಳಿಕೊಡದಂತೆ ತಡೆಯುವ ಆಯ್ಕೆ ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿದೆ, ಮಕ್ಕಳಿಂದ ಹುಡುಕಿಸಿ ಆಫ್ ಮಾಡಿ. ಫೋಟೊ ತೆಗೆಯುವ ಮೊದಲು ಫ್ರಿಜ್‌ಗೆ ಅಂಟಿಸಿದ ಮಗುವಿನ ಸ್ಕೂಲ್ ಐಡಿ, ಮೇಜಿನ ಮೇಲಿನ ಬ್ಯಾಂಕ್ ಪಾಸ್‌ಬುಕ್, ಗೋಡೆಗೆ ನೇತುಹಾಕಿದ ಬೀರುವಿನ ಕೀಲಿಗೊಂಚಲು ಎತ್ತಿ ಒಳಗಿಡಿ. ಬಾಗಿಲ ಮೇಲಿನ ಮನೆ ನಂಬರ್ ಬೀಳದ ಹಾಗೆ ನಿಂತು ಕ್ಲಿಕ್ ಮಾಡಿ.